ಮೂಲೆ ಮನೆಯ ಬೀಗದ ಕೈ

ಶ್ರೀ ಕೆಮೂನಿಂಗ್ ಫ್ಲ್ಯಾಟ್, ಒಂಬತ್ತನೇ ಮಹಡಿ
೧೭ ಏಪ್ರಿಲ್ ೧೯೯೪

ಕಲ್ತೋಮ್, ನಿನಗೂ ಮನೆಯವರಿಗೂ ಸಲಾಂ.

ನಿನ್ನ ಮಗಳು ನೋರಿಜಾಗೆ ಗಂಡುಮಗು ಹುಟ್ಟಿತಂತೆ. ಹೇಳಿದವಳು ಲೆಚ್ಚುಮಿ. ಗೋಡೆಗೆ ಗೋಡೆ ಅಂಟಿಕೊಂಡ ಮನೆಯವಳು ನಾನು, ನನಗೆ ಸುದ್ದಿ ಬರಬೇಕಾದದ್ದು ಆಚೆ ಮನೆಯ ಲೆಚ್ಚುಮಿಯ ಬಾಯಿಂದ. ಇರಲಿ ಬಿಡು, ವಿಮಾನ ಹತ್ತಿ ಹೋದವರ ಪದ್ಧತಿಯೇ ಹಾಗಿರಬಹುದು. ಮಗುವಿಗೆ ದೇವರು ಆಯಸ್ಸು ಕೊಡಲಿ. ಇದನ್ನು ಹಲ್ಲು ಕಚ್ಚಿಕೊಂಡು ಬರೆಯುತ್ತಿಲ್ಲ, ಮನಸಾರೆ ಬರೆಯುತ್ತಿದ್ದೇನೆ. ಮಕ್ಕಳಿಲ್ಲದವಳ ಹಾರೈಕೆ ಫಲಿಸುತ್ತದೋ ಇಲ್ಲವೋ, ಅದು ನನ್ನ ಕೈಯಲ್ಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಮಗಳ ಬಾಣಂತನಕ್ಕೆಂದು ಕೂಚಿಂಗಿಗೆ ಹೊರಟಾಗ ನಿನ್ನ ಕಬ್ಬಿಣದ ಜಾಲರಿಗೆ ಬೀಗ ಜಡಿದು ಬೀಗದ ಕೈಯನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಮನೆಗೆ ಬೀಗ ಹಾಕಿದರೆ ಯಾರು ಬೇಡವೆನ್ನುತ್ತಾರೆ? ಆದರೆ ಆ ಜಾಲರಿ ಇರುವುದು ಎಲ್ಲರೂ ಓಡಾಡುವ ಕಾರಿಡಾರಿಗೆ. ಕಾರಿಡಾರಿನ ತುದಿಯನ್ನು ಬಳಸಿಕೊಂಡು ನೀನು ನಿನಗೊಂದು ವರಾಂಡ ಮಾಡಿಕೊಂಡೆ, ರತ್ನಗಂಬಳಿ ಹಾಸಿದೆ, ಪರದೆ ಕಟ್ಟಿದೆ, ಬೆತ್ತದ ಕುರ್ಚಿ ಇಟ್ಟೆ. ಹಿಂದಿನ ಮೆಟ್ಟಿಲಿಗೆ ಹೋಗುವ ಬಾಗಿಲೂ ಅದರೊಳಗೇ ಸೇರಿಹೋಗಿದೆ.

ಲಿಫ್ಟು ಕೆಟ್ಟು ನಿಂತಿದೆ. ಮುಂದಿನ ಮೆಟ್ಟಿಲನ್ನು ನೀನು ಈಗ ನೋಡಬೇಕು. ಯಾರದೋ ಹಳೇ ಹಾಸಿಗೆಗಳು, ಯಾರದೋ ಕಾಲು ಮುರಿದ ಬೀರು, ಕೆಳಮಹಡಿಯವರ ಮೋಟಾರ್ ಸೈಕಲ್ಲು. ನಮ್ಮ ಮಹಡಿಯ ಎಸಾಹ್ ಅಜ್ಜಿ ಕೋಲೂರಿಕೊಂಡು ಇವುಗಳ ಮಧ್ಯೆ ನುಸುಳಿ ಮಾರ್ಕೆಟ್ಟಿಗೆ ಹೋಗಿ ಬರುವುದರೊಳಗೆ ಅರ್ಧ ಜೀವವಾಗಿರುತ್ತಾಳೆ. ನಿನ್ನ ಕಡೆಯ ಮೆಟ್ಟಿಲು ಖಾಲಿ ಇದೆ. ಬೀಗದ ಕೈ ಅಂಚೆಯಲ್ಲಿ ಕಳಿಸು. ನಿನ್ನ ಬೆತ್ತದ ಕುರ್ಚಿಯಲ್ಲಿ ನಾನೇನೂ ಕೂರುವುದಿಲ್ಲ, ಹೆದರಬೇಡ.

ನಿನ್ನ ಆರ್ಕಿಡ್ ಗಿಡಗಳು ನೀರು ಹಾಕುವವರಿಲ್ಲದೆಯೂ ಹೂ ಬಿಟ್ಟುಕೊಂಡು ನಿಂತಿವೆ. ಅವಕ್ಕೂ ನಿನ್ನದೇ ಜಂಭ.

ಇಂತಿ,
ಮೈಮೂನ್


ಕೂಚಿಂಗ್
೯ ಮೇ ೧೯೯೪

ಪ್ರೀತಿಯ ಅಕ್ಕ, ಕಾಕ್ ಮೈಮೂನ್,

ನಿಮ್ಮ ಹಾರೈಕೆ ತಲುಪಿತು. ಮಗು ಬೆಣ್ಣೆಮುದ್ದೆಯ ಹಾಗಿದೆ. ಅಳಿಯ ಬಟ್ಟೆ ಒಗೆಯುವ ಯಂತ್ರ ತಂದಿದ್ದಾನೆ, ನನ್ನನ್ನು ನೀರಿಗೆ ಕೈ ಹಾಕಲೂ ಬಿಡುವುದಿಲ್ಲ. 'ಅಮ್ಮ, ನೀವು ಸುಮ್ನೆ ಕೂತ್ಕೊಳ್ಳಿ' ಎನ್ನುವುದೇ ಅವನ ಮಾತು. ಕೂತು ಕೂತು ದಪ್ಪಗಾಗಿದ್ದೇನೆ.

ಕಾಕ್, ನಾವಿಬ್ಬರೂ ಒಂದೇ ಕೇರಿಯ ಹಲಗೆ ಮನೆಗಳಲ್ಲಿ ಸಂಸಾರ ಮಾಡಿದವರು. ನಿಮ್ಮ ಬಗ್ಗೆ ನನಗೆ ಗೊತ್ತಿಲ್ಲವೆ? ನೀವು ಕೇಳಿರುವುದು ಬೀಗದ ಕೈ, ನಿಮಗೆ ಬೇಕಾಗಿರುವುದು ಮೂಲೆ. ಸರ್ಕಾರದವರು ಕೇರಿ ಕೆಡವಿ ಫ್ಲ್ಯಾಟ್ ಹಂಚಿದ ದಿನ ಡಬ್ಬಿಯಿಂದ ಚೀಟಿ ಎತ್ತಿಸಿದರಲ್ಲ, ನನ್ನ ಚೀಟಿಯಲ್ಲಿ ಮೂಲೆ ಮನೆ ಬಂದಾಗ ನಿಮ್ಮ ಮುಖ ಹುಳಿ ಮಾವಿನಕಾಯಿ ಕಚ್ಚಿದಂತಾಗಿತ್ತು. ಆ ಹುಳಿ ಇನ್ನೂ ಇಳಿದಿಲ್ಲ. ಎಸಾಹ್ ಅಜ್ಜಿಯನ್ನು ಯಾಕೆ ಮುಂದೆ ಬಿಡುತ್ತೀರಿ? ನೇರವಾಗಿ 'ಹೊಟ್ಟೆ ಉರೀತಿದೆ ಕಲ್ತೋಮ್' ಎಂದರೆ ನಾನು ನಕ್ಕು ಕಳಿಸಿಬಿಡುತ್ತಿದ್ದೆನೇನೋ.

ಎಲ್ಲ ಬ್ಲಾಕುಗಳಲ್ಲೂ ಮೂಲೆ ಮನೆಯವರು ಜಾಲರಿ ಹಾಕಿಕೊಂಡಿದ್ದಾರೆ, ನನ್ನೊಬ್ಬಳದೇ ಅಲ್ಲ. ಹೊರಡುವಾಗ ನಮ್ಮ ಮಹಡಿಯವರಿಗೆಲ್ಲ ಹೇಳಿ ಬಂದಿದ್ದೇನೆ, ಬೀಗ ಮುರಿದದ್ದು ಕಂಡರೆ ಮುರಿದವರು ಯಾರೆಂದು ಹುಡುಕಲು ಹೋಗಬೇಡಿ, ನನಗೆ ಗೊತ್ತಿದೆ ಎಂದು. ಆರ್ಕಿಡ್‌ಗಳಿಗೆ ಮಳೆಯ ಎರಚಲು ಸಾಕು.

ನಿಮ್ಮ,
ಕಲ್ತೋಮ್


ಶ್ರೀ ಕೆಮೂನಿಂಗ್ ಫ್ಲ್ಯಾಟ್
೨ ಜೂನ್ ೧೯೯೪

ಕಲ್ತೋಮ್,

ಹಾಜಿ ಹಬ್ಬದ, ಬಕ್ರೀದಿನ, ಮಾರನೇ ದಿನ ಏಳನೇ ಮಹಡಿಯಲ್ಲಿ ಬೆಂಕಿ ಬಿತ್ತು. ಹೌದು, ಬೆಂಕಿ. ನಾನು ಕಟ್ಟಿದ ಕಥೆಯಲ್ಲ. ಬಾಳೆಹಣ್ಣು ಕರಿಯುತ್ತಿದ್ದ ಎಣ್ಣೆ ಹೊತ್ತಿಕೊಂಡು ಅಡುಗೆಮನೆಯ ಪರದೆಗೆ ಹಿಡಿಯಿತು. ಹೊಗೆಯೆಲ್ಲ ಮುಂದಿನ ಮೆಟ್ಟಿಲನ್ನೇ ದಾರಿ ಮಾಡಿಕೊಂಡು ನಮ್ಮ ಮಹಡಿಗೆ ನುಗ್ಗಿತು.

ಲೆಚ್ಚುಮಿ ಗೋಡೆಯಲ್ಲಿರುವ, ಬೆಂಕಿ ಆರಿಸುವ ಪೈಪಿನ ಬೀರು ತೆಗೆದಳು. ಒಳಗೆ ನನ್ನ ಸಂಬಲ್ ಚಟ್ನಿಯ ಬಾಟಲಿಗಳಿದ್ದವು. ಒಪ್ಪುತ್ತೇನೆ, ನಾನೇ ಇಟ್ಟದ್ದು, ನೀನು ಹೇಳುವ ಮುಂಚೆ ನಾನೇ ಹೇಳುತ್ತಿದ್ದೇನೆ. ಅವನ್ನು ಎತ್ತಿಟ್ಟು ಪೈಪು ಎಳೆದರೆ ತುದಿಯ ಹಿತ್ತಾಳೆ ಮೂತಿಯೇ ಇಲ್ಲ, ಯಾವ ಕಾಲದಲ್ಲೋ ಕದ್ದು ಗುಜರಿಗೆ ಹಾಕಿದ್ದಾರೆ. ನಲ್ಲಿ ತಿರುಗಿಸಿದರೆ ಬುಸ್ ಎಂದು ಗಾಳಿ ಬಂತು, ಅಷ್ಟೆ.

ಎಲ್ಲರೂ ನಿನ್ನ ಜಾಲರಿಯ ಹತ್ತಿರ ಓಡಿದೆವು. ಕಂಬಿಗಳ ಆಚೆ ಮೆಟ್ಟಿಲಿನ ಬಾಗಿಲು ಕಾಣುತ್ತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಎಸಾಹ್ ಅಜ್ಜಿ ಕೆಮ್ಮುತ್ತ ನನ್ನ ಸೊಂಟ ಹಿಡಿದುಕೊಂಡಿದ್ದಳು. ನಮ್ಮ ಯಜಮಾನರು ಮೂಗಿಗೆ ಒದ್ದೆ ಬಟ್ಟೆ ಒತ್ತಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದರು.

'ನೀವೇ ಮಾಡಿದ ಜಾಲರಿ ಅಲ್ವಾ? ಕತ್ತರಿಸಿ ಬಿಸಾಡ್ರೀ!' ಎಂದೆ.

'ಇನ್ನೊಬ್ಬರ ಸೊತ್ತು ಕಣೇ. ನಂಬಿ ಹೋಗಿದ್ದಾಳೆ. ತಡಿ, ಹೊಗೆ ಕಮ್ಮಿ ಆಗ್ತಿದೆ' ಎಂದರು.

ಕಮ್ಮಿಯಾದದ್ದು ನಿಜ. ಏಳನೇ ಮಹಡಿಯ ಗಂಡಸರು ಒದ್ದೆ ಗೋಣಿಚೀಲ ಬಡಿದು ಆರಿಸಿದರು. ಆದರೆ ಈ ನಂಬಿಕೆಯ ಮಾತು ನನಗೆ ಇಳಿಯಲಿಲ್ಲ. ನಿನ್ನ ಬೀಗದ ಮೇಲಿರುವ ಮರ್ಯಾದೆ ಹೆಂಡತಿಯ ಉಸಿರಿನ ಮೇಲೆ ಇಲ್ಲವೆ?

ಮನಸ್ಸಿನಲ್ಲಿರುವುದನ್ನು ಹೇಳಿಯೇಬಿಡುತ್ತೇನೆ. ಇವರು ವೆಲ್ಡಿಂಗ್ ಕೆಲಸದವರು, ಊರಿಗೆಲ್ಲ ಗೇಟು ಮಾಡಿಕೊಟ್ಟಿದ್ದಾರೆ. ಮದುವೆಯಾದಾಗಿನಿಂದ ನನಗೊಂದು ಬಟ್ಟೆ ಒಣಹಾಕುವ ಕಂಬಿ ಮಾಡಿಕೊಡಿ ಎಂದು ಕೇಳುತ್ತಿದ್ದೇನೆ, ಇನ್ನೂ ಪ್ಲಾಸ್ಟಿಕ್ ಹಗ್ಗವೇ. ನಿನಗೆ? ನಿನ್ನ ಜಾಲರಿಗೆ ಕಬ್ಬಿಣದ ಮಲ್ಲಿಗೆ ಬಳ್ಳಿ! ಎಲೆ ಎಲೆಯನ್ನೂ ಬಗ್ಗಿಸಿ, ಮೊಗ್ಗಿಗೆ ಮೊಗ್ಗು ಕೂರಿಸಿ, ರಂಜಾನ್ ತಿಂಗಳಿಡೀ ಉಪವಾಸದ ಬಾಯಲ್ಲಿ ಕೂತು ಮಾಡಿದ್ದರು. ಮೊನ್ನೆ ಬೆಂಕಿಯಾದ ಮೇಲೆ ಫ್ಲ್ಯಾಟ್ ಆಫೀಸಿನವನೊಬ್ಬ ಪರೀಕ್ಷೆಗೆ ಬಂದ. ಜಾಲರಿ ತೋರಿಸಿದೆ. ಅವನು ಬಳ್ಳಿಯನ್ನು ಸವರಿ ನೋಡಿ, 'ಆಹಾ, ಯಾರ ಕೈಕೆಲಸ ಇದು? ನಮ್ಮನೆಗೂ ಒಂದು ಮಾಡಿಕೊಡ್ತಾರಾ?' ಎಂದು ಕೇಳಿ, ಚಪ್ಪಲಿಗಳನ್ನು ಒಳಗಿಡಿ ಎಂದು ನಮಗೆಲ್ಲ ಬೈದು ಹೋದ.

ಬೀಗದ ಕೈ ಕಳಿಸು. ಹೊಟ್ಟೆ ಉರಿಯೇ ಎಂದುಕೋ. ಉರಿಯುತ್ತಿದೆ. ಆದರೂ ಕಳಿಸು.

ಮೈಮೂನ್


ಕೂಚಿಂಗ್
೨೮ ಜೂನ್ ೧೯೯೪

ಕಾಕ್ ಮೈಮೂನ್,

ಪತ್ರ ಓದಿ ಗಾಬರಿಯಾದೆ, ಆಮೇಲೆ ಎಣ್ಣೆ ಬಾಣಲೆಯ ಬೆಂಕಿ ಎಂದು ತಿಳಿದು ನಗುವೂ ಬಂತು. ನಮ್ಮ ಕೇರಿಯಲ್ಲಿ ಅಂಥವು ವಾರಕ್ಕೊಂದು ಆಗುತ್ತಿದ್ದವು, ಆಗ ನಾವು ಯಾರ ಬಾಗಿಲನ್ನೂ ಬೈಯುತ್ತಿರಲಿಲ್ಲ. ಹಾಜಿ ಹಬ್ಬಕ್ಕೆ ನಾನು ಊರಿನಲ್ಲಿರಲಿಲ್ಲ, ನೀವು ರೆಂಡಾಂಗ್ ಮಾಡಿ ಮಹಡಿಗೆಲ್ಲ ಹಂಚಿರುತ್ತೀರಿ, ಎಲ್ಲರೂ 'ಮೈಮೂನ್ ಕೈರುಚಿ' ಎಂದಿರುತ್ತಾರೆ. ಇಲ್ಲಿ ನನ್ನ ಅಡುಗೆಯನ್ನು ಕೇಳುವವರಿಲ್ಲ. ನೋರಿಜಾಳ ಅತ್ತೆ ಬಂದು ಕೂತಿದ್ದಾಳೆ. ಮಗು ಅವಳ ಹತ್ತಿರ ಹೋದರೆ ಸುಮ್ಮನಾಗುತ್ತದೆ, ನನ್ನ ಹತ್ತಿರ ಬಂದರೆ ಅಳುತ್ತದೆ.

ಜಾಲರಿಯ ವಿಷಯ ಎತ್ತಿದಿರಿ. ಕೂಲಿ ಕೊಟ್ಟು ಮಾಡಿಸಿಕೊಂಡಿದ್ದೇನೆ. ಗಂಡ ಸತ್ತವಳು ಒಂದು ಚೆಂದದ ಬಾಗಿಲು ಮಾಡಿಸಿಕೊಂಡರೆ ತಪ್ಪೆ? ನಿಮಗೆ ಸಂಜೆಯಾದರೆ ಬಾಗಿಲು ತಟ್ಟುವ ಮನುಷ್ಯ ಇದ್ದಾನೆ, ಅಂಗಿಯ ತುಂಬ ಕಬ್ಬಿಣದ ಪುಡಿ ಹೊತ್ತು ಬರುತ್ತಾನೆ, 'ಅನ್ನ ಹಾಕು' ಎನ್ನುತ್ತಾನೆ. ನನಗೆ ಬಾಗಿಲೊಂದೇ ಇತ್ತು. ನೀವು ಅದನ್ನೂ ನೋಡಿ ಉರಿದುಕೊಂಡಿರಿ. ಉರಿದುಕೊಳ್ಳಬೇಕಾಗಿದ್ದವಳು ನಾನು.

ಮಳೆಗಾಲ ಶುರುವಾಗುವ ಮುಂಚೆ ನಾನೇ ಬಂದು ತೆಗೆಯುತ್ತೇನೆ. ನಿಮ್ಮ ಮನೆಯವರಿಗೆ, ಅಬಾಂಗ್ ದೆರಮಾನ್‌ಗೆ, ಸಲಾಂ ಹೇಳಿ. ಎಡಗಣ್ಣಿಗೆ ಕಿಡಿ ಹಾರಿದ್ದು ವಾಸಿಯಾಯಿತೆ? ಕನ್ನಡಕ ಹಾಕದೆ ಕೆಲಸ ಮಾಡಬೇಡಿರೆಂದು ಹೇಳಿ.

ಕಲ್ತೋಮ್


ಶ್ರೀ ಕೆಮೂನಿಂಗ್ ಫ್ಲ್ಯಾಟ್
೧೧ ಜುಲೈ ೧೯೯೪

ಕಲ್ತೋಮ್,

ಕಣ್ಣಿಗೆ ಕಿಡಿ ಹಾರಿದ್ದು ಮೇ ತಿಂಗಳ ಕೊನೆಯಲ್ಲಿ. ನಾನು ನಿನಗೆ ಬರೆದಿಲ್ಲ. ಯಾರು ಹೇಳಿದರು?

ಮೈಮೂನ್


ಶ್ರೀ ಕೆಮೂನಿಂಗ್ ಫ್ಲ್ಯಾಟ್
೨೦ ಆಗಸ್ಟ್ ೧೯೯೪

ಕಲ್ತೋಮ್,

ನಿನ್ನಿಂದ ಉತ್ತರವಿಲ್ಲ. ಅಂಚೆಯವನನ್ನು ದಿನಾ ಕೇಳಿ ಕೇಳಿ ಅವನಿಗೇ ನನ್ನನ್ನು ಕಂಡರೆ ಪಾಪ ಅನ್ನಿಸುವಂತಾಗಿದೆ. ಇವರನ್ನು ನಾನು ಏನೂ ಕೇಳಿಲ್ಲ. ಕೇಳಿದರೆ ಏನಾದರೊಂದು ಹೇಳುತ್ತಾರೆ, ಹೇಳಿದ ಮೇಲೆ ಅದನ್ನು ಕೇಳಿಸಿಕೊಂಡವಳಾಗಿ ನಾನು ಬದುಕಬೇಕಲ್ಲ. ಊಟಕ್ಕೆ ಕೂತಾಗ ಅವರ ಎಡಗಣ್ಣನ್ನೇ ನೋಡುತ್ತೇನೆ. 'ಏನೇ ಹಂಗೆ ನೋಡ್ತೀಯಾ?' ಎನ್ನುತ್ತಾರೆ. 'ವಾಸಿಯಾಯ್ತಾ ಅಂತ' ಎನ್ನುತ್ತೇನೆ.

ಕಳೆದ ಶುಕ್ರವಾರ ಗಂಡಸರೆಲ್ಲ ಮಸೀದಿಗೆ ಹೋಗಿದ್ದಾಗ ಚೀನಿಯರ ಅಂಗಡಿಯಿಂದ ಒಂದು ಗರಗಸ ತಂದೆ. ನಿನ್ನ ಬೀಗಕ್ಕೆ ಹಚ್ಚಿದೆ. ಮೆಟ್ಟಿಲಿಗಾಗಿ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲು ಬೀಗ ಕೊಯ್ಯಬೇಕು, ಆಮೇಲೆ ಆ ಮಲ್ಲಿಗೆ ಬಳ್ಳಿಯನ್ನು ಎಲೆ ಎಲೆಯಾಗಿ ಕೊಯ್ಯಬೇಕು ಎಂದೇ ಇತ್ತು. ಕಬ್ಬಿಣದ ಸದ್ದಿಗೆ ಬಾಗಿಲು ಬಾಗಿಲಿನಿಂದ ಹೆಂಗಸರು ಬಂದರು.

ಲೆಚ್ಚುಮಿ ಸೊಂಟದ ಮೇಲೆ ಕೈಯಿಟ್ಟು, 'ಅಯ್ಯಯ್ಯೋ ಕಾಕ್, ನಿಜವಾಗ್ಲೂ ಮುರಿತಿದ್ದೀರಾ? ಕಲ್ತೋಮ್ ಹೋಗೋವಾಗ ಹಿಂಗೇ ಅಂದಿದ್ಲು!' ಎಂದಳು.

'ಏನಂದಿದ್ಲು?'

'ನಾನು ಬರೋವರೆಗೂ ಮೈಮೂನ್‌ಗೆ ತಡೆಯಕ್ಕಾಗಲ್ಲ ಅಂತ.'

ಎಲ್ಲರೂ ಕಿಸಕ್ಕನೆ ನಕ್ಕರು. ಎಸಾಹ್ ಅಜ್ಜಿ ಮಾತ್ರ ನಗಲಿಲ್ಲ. ಹತ್ತಿರ ಬಂದು ನನ್ನ ಕೈ ಹಿಡಿದಳು. 'ಬಿಡು ಮಗಳೇ. ಅವಳ ಮಾತು ನಿಜ ಮಾಡ್ಬೇಡ. ನನಗೇನು, ನಾನು ನಿಧಾನಕ್ಕೆ ಆ ಕಡೆಯಿಂದಾನೇ ಇಳೀತೀನಿ' ಎಂದಳು. ನನಗೆ ನಾಚಿಕೆಯಾಗಿ ಗರಗಸ ಕೆಳಗೆ ಹಾಕಿದೆ. ಬೀಗದ ಮೇಲೆ ಒಂದು ಗೀರು ಬಿದ್ದಿದೆ, ಬಂದಾಗ ನೋಡಿ ಖುಷಿಪಡು.

ಮಸೀದಿಯಿಂದ ಬಂದ ಇವರಿಗೆ ಸುದ್ದಿ ಮುಟ್ಟಿತ್ತು. ಬೈಯಲಿಲ್ಲ. ಗರಗಸವನ್ನು ಬಟ್ಟೆಯಲ್ಲಿ ಸುತ್ತಿ ಕೆಲಸದ ಶೆಡ್ಡಿಗೆ ತೆಗೆದುಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಮೆಟ್ಟಿಲಿನಲ್ಲಿ ಈಗ ಇನ್ನೂ ನಾಲ್ಕಾರು ಹಾಸಿಗೆ ಸೇರಿವೆ. ಆಫೀಸಿನವರು ತೆಗೆಸುತ್ತೇವೆ ಎಂದು ಕಾಗದ ಅಂಟಿಸಿದರು. ಕಾಗದದ ಮೇಲೆ ಯಾರೋ ಟ್ಯೂಷನ್ನಿನ ಜಾಹೀರಾತು ಅಂಟಿಸಿದ್ದಾರೆ. ಕಲ್ತೋಮ್, ಜನ್ಮದಲ್ಲಿ ನಿನ್ನ ಮುಂದೆ ಕೈಯೊಡ್ಡಿದವಳಲ್ಲ ನಾನು. ಈಗ ಒಡ್ಡುತ್ತಿದ್ದೇನೆ. ಕಣ್ಣಿನ ಸಂಗತಿ ಬಿಡು, ಉತ್ತರ ಬೇಡ. ಬೀಗದ ಕೈ ಕೊಡು.

ಮೈಮೂನ್


ಕೂಚಿಂಗ್
೨೯ ಸೆಪ್ಟೆಂಬರ್ ೧೯೯೪

ಕಾಕ್,

ಇದರೊಳಗೆ ಬೀಗದ ಕೈ ಇದೆ. ಕಳೆಯದಿರಲೆಂದು ರಟ್ಟಿಗೆ ಹೊಲಿದು ರಿಜಿಸ್ಟರ್ ಮಾಡಿಸಿದ್ದೇನೆ.

ತಡವಾದದ್ದಕ್ಕೆ ಕ್ಷಮಿಸಿ. ನಿಮ್ಮ ಕೊನೆಯ ಪತ್ರವನ್ನು ಬಹಳ ಸಲ ಓದಿದೆ. ನೀವು ಬೈದು ಬರೆದರೆ ನನಗೆ ಬೈದು ಉತ್ತರ ಕೊಡಲು ಬರುತ್ತದೆ. ಕೈಯೊಡ್ಡಿದರೆ ಏನು ಮಾಡಲಿ? ಕಣ್ಣಿನ ಸಂಗತಿ ಲೆಚ್ಚುಮಿಯೇ ಫೋನಿನಲ್ಲಿ ಹೇಳಿದ್ದು, ಬೇಕಾದರೆ ಕೇಳಿ ನೋಡಿ.

ಬಾಗಿಲು ತೆಗೆದು ಎಲ್ಲರೂ ಓಡಾಡಿ. ಕುರ್ಚಿಯಲ್ಲಿ ಕೂರಿ. ಆದರೆ ಈ ಬೀಗದ ಕೈಯನ್ನು ಜೋಪಾನವಾಗಿಡಿ, ಇರುವುದು ಇದೊಂದೇ. ಇನ್ನೊಂದು ಯಾರ ಬಳಿಯೂ ಇಲ್ಲ.

ಕಲ್ತೋಮ್


ಶ್ರೀ ಕೆಮೂನಿಂಗ್ ಫ್ಲ್ಯಾಟ್
೧೬ ಅಕ್ಟೋಬರ್ ೧೯೯೪

ಕಲ್ತೋಮ್,

ನಿನ್ನ ಬೀಗದ ಕೈ ಗುರುವಾರ ಬಂತು. ಬೆಂಕಿ ಬಿದ್ದದ್ದು ಮಂಗಳವಾರ.

ಪೇಪರಿನಲ್ಲಿ ಓದಿರುತ್ತೀಯ, ಆದರೂ ನನ್ನಿಂದ ಕೇಳು. ಸಮುದ್ರದಾಚೆ ಸುಮಾತ್ರಾದಲ್ಲಿ ಸುಡುವ ಕಾಡಿನ ಹೊಗೆ ಬಂದು ಇಲ್ಲಿ ಹಗಲೂ ಮಬ್ಬು, ಬಟ್ಟೆ ಬರೆಯೆಲ್ಲ ಸುಟ್ಟ ವಾಸನೆ. ವಾರಗಟ್ಟಲೆ ಅದರಲ್ಲೇ ಬದುಕಿ ಎಲ್ಲರ ಮೂಗೂ ಸತ್ತುಹೋಗಿತ್ತು. ಅವತ್ತು ಮಧ್ಯಾಹ್ನ ಹೊಗೆ ದಟ್ಟವಾದಾಗ ನಾವು ಮಾಡಿದ್ದೇನು ಗೊತ್ತೆ? ಕಿಟಕಿ ಮುಚ್ಚಿ, ಬಾಗಿಲಿನ ಸಂದಿಗೆ ಒದ್ದೆ ಬಟ್ಟೆ ತುರುಕಿ ಒಳಗೆ ಕೂತೆವು. ಎಸಾಹ್ ಅಜ್ಜಿ ನನ್ನ ಮನೆಯಲ್ಲೇ ಇದ್ದಳು, ಅವರೆಕಾಯಿ ನಾರು ತೆಗೆಯುತ್ತಿದ್ದಳು. 'ಇವತ್ತು ಸುಮಾತ್ರಾದೋರು ಸ್ವಲ್ಪ ಜಾಸ್ತೀನೇ ಸುಡ್ತಿದ್ದಾರೆ ನೋಡು' ಎಂದು ನಕ್ಕಳು. ನಾನೂ ನಕ್ಕೆ. ಇವರು ಒಳಗೆ ಮಲಗಿದ್ದರು, ಮಬ್ಬಿಗೆ ಶೆಡ್ಡು ಮುಚ್ಚಿತ್ತು.

ಕೆಳಗಿನಿಂದ ಕೂಗು ಕೇಳಿ ಬಾಗಿಲು ತೆಗೆದರೆ ಕಾರಿಡಾರೇ ಕಾಣಲಿಲ್ಲ. ಮುಂದಿನ ಮೆಟ್ಟಿಲಿನ ಹಾಸಿಗೆಗಳಿಗೆ ಯಾರೋ ಬೀಡಿಯ ಕಿಡಿ ಬೀಳಿಸಿದ್ದರಂತೆ. ಎಷ್ಟು ಹೊತ್ತಿನಿಂದ ಉರಿಯುತ್ತಿತ್ತೋ, ಎಲ್ಲರೂ ಕಾಡಿನ ಹೊಗೆ ಎಂದುಕೊಂಡು ಕಿಟಕಿ ಮುಚ್ಚಿ ಕೂತಿದ್ದರು. ಮತ್ತೆ ನಿನ್ನ ಮೂಲೆಗೇ ಓಡಿದೆವು, ಇನ್ನೆಲ್ಲಿಗೆ ಓಡುವುದು?

ಎಲ್ಲರೂ ಜಾಲರಿ ಹಿಡಿದು ಅಲ್ಲಾಡಿಸುತ್ತಿದ್ದರು. ಇವರೂ ಅಲ್ಲಾಡಿಸುತ್ತಿದ್ದರು. ಲೆಚ್ಚುಮಿ, 'ಗರಗಸ ಎಲ್ಲಿ ಕಾಕ್, ಅವತ್ತಿನ ಗರಗಸ ಎಲ್ಲಿ?' ಎಂದು ನನ್ನ ಭುಜ ಹಿಡಿದು ಅರಚುತ್ತಿದ್ದಳು. ಎಸಾಹ್ ಅಜ್ಜಿ ನನ್ನ ಕಾಲ ಬುಡದಲ್ಲಿ ಮೆಲ್ಲಗೆ ಕುಸಿದಳು. ಬಗ್ಗಿ ತಲೆಯೆತ್ತಿ ಹಿಡಿದೆ. 'ಅಜ್ಜಿ ಹೋಗ್ತಾಳೆ ರೀ, ಏನಾದ್ರೂ ಮಾಡಿ!' ಎಂದು ಕಿರುಚಿದೆ.

ಆಗ ಇವರು ನನ್ನ ಕಡೆ ತಿರುಗಿದರು. ಅಜ್ಜಿಯನ್ನು ನೋಡಲಿಲ್ಲ, ಹೊಗೆಯನ್ನು ನೋಡಲಿಲ್ಲ, ನನ್ನ ಮುಖವನ್ನು ನೋಡಿದರು. ಸ್ವಲ್ಪ ಹೊತ್ತು ನೋಡಿದರು ಕಲ್ತೋಮ್. ಅಷ್ಟು ಹೊಗೆಯಲ್ಲಿ ಅದು ಬಹಳ ಹೊತ್ತು. ಆಮೇಲೆ ಪ್ಯಾಂಟಿನ ಒಳಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದರು. ಕಣ್ಣಿಗೆ ಏನೂ ಕಾಣದ ಕತ್ತಲಲ್ಲಿ ತಡಕಾಡಲಿಲ್ಲ. ಒಂದೇ ಸಲಕ್ಕೆ ಹಾಕಿದರು, ತಿರುಗಿಸಿದರು.

ಎಲ್ಲರೂ ಇಳಿದೆವು. ಅಜ್ಜಿಯನ್ನು ಇವರೇ ಬೆನ್ನ ಮೇಲೆ ಹೊತ್ತು ತಂದರು. ಕೆಳಗೆ ಹುಲ್ಲಿನ ಮೇಲೆ ಮಲಗಿಸಿದಾಗ ಅವಳಲ್ಲಿ ಉಸಿರಿರಲಿಲ್ಲ. ನಮ್ಮ ಮಹಡಿಯಲ್ಲಿ ಹೋದವಳು ಅವಳೊಬ್ಬಳೇ.

ಜನ ಇವರ ಕಾಲಿಗೆ ಬೀಳುವುದೊಂದು ಬಾಕಿ. 'ದೇವರು ದೊಡ್ಡೋನು ಪಾಕ್ ದೆರಮಾನ್! ಎಲ್ಲಿತ್ತು ಆ ಬೀಗದ್ಕೈ?' ಎಂದು ಕೇಳಿದರು. 'ಮಾಡಿದವನ ಹತ್ರ ಒಂದು ಇದ್ದೇ ಇರುತ್ತಲ್ಲಪ್ಪ' ಎಂದರು ಇವರು. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದಂತೆ ತಲೆಯಾಡಿಸಿದೆ. ನಿಜವೂ ಇರಬಹುದು. ಆದರೆ ಹಾಜಿ ಹಬ್ಬದ ಮಾರನೇ ದಿನವೂ ಅದೇ ಪ್ಯಾಂಟು, ಅದೇ ಜೇಬು. ನಾನು ಪಕ್ಕದಲ್ಲಿ ಕೆಮ್ಮುತ್ತಿದ್ದೆ.

ಲೆಚ್ಚುಮಿಯನ್ನು ನಾನು ಕಣ್ಣಿನ ವಿಷಯ ಕೇಳಿಲ್ಲ. ಕೇಳುವುದೂ ಇಲ್ಲ. ನಿಮ್ಮಿಬ್ಬರ ನಡುವೆ ಏನಿತ್ತು, ಪತ್ರವೋ, ಬರೀ ಗಿಡಕ್ಕೆ ನೀರೋ, ಇನ್ನೇನೋ, ಆ ಮಂಗಳವಾರದವರೆಗೆ ಅದನ್ನು ತಿಳಿಯಲು ನಾನು ಪ್ರಾಣ ಕೊಡುತ್ತಿದ್ದೆ. ಈಗ ನೀನು ಇಲ್ಲಿಗೇ ಬಂದು ಹೇಳಿದರೂ ಕೇಳುವ ಶಕ್ತಿಯಿಲ್ಲ. ಅಗ್ನಿಶಾಮಕದವರು ಜಾಲರಿಯನ್ನು ಕಿತ್ತು ಕೆಳಗೆ ಎಸೆದಿದ್ದಾರೆ, ಗುಜರಿಯವನು ತೂಕಕ್ಕೆ ಕೇಳಿಕೊಂಡು ಹೋದ. ಆಫೀಸಿನವರು ಎಲ್ಲ ಬ್ಲಾಕುಗಳಲ್ಲೂ ತೆಗೆಸುತ್ತಾರಂತೆ. ಮುಂದಿನ ಬ್ಲಾಕಿನ ಮೂಲೆ ಮನೆಯವಳು ನಿನ್ನೆ ಜಾಲರಿಗೆ ಹೊಸ ಬಣ್ಣ ಹೊಡೆಸುತ್ತಿದ್ದಳು.

ಇವರು ಈಗ ಊಟ ಸರಿಯಾಗಿ ಮಾಡುವುದಿಲ್ಲ. ನಿನ್ನೆ ನನ್ನೆದುರು ಕೂತು, 'ಏನಾದ್ರೂ ಕೇಳು ಮೈಮೂನ್, ಏನಾದ್ರೂ ಬೈಯಿ' ಎಂದರು. ಅನ್ನ ಬಡಿಸಿದೆ.

ನೀನು ಅಂಗೈಯಗಲ ಜಾಗಕ್ಕೆ ಬೀಗ ಹಾಕಿದೆ, ಫ್ಲ್ಯಾಟಿನವರು ಪೈಪಿಗೆ ನೀರು ಬಿಡಲಿಲ್ಲ, ಯಾರೋ ಹಾಸಿಗೆ ತಂದು ಹಾಕಿದರು, ಯಾರೋ ಬೀಡಿ ಎಸೆದರು. ಎಲ್ಲರಿಗೂ ಒಂದೊಂದು ಪಾಲು ಹಂಚಿ ನೋಡಿದೆ. ಎಷ್ಟು ಹಂಚಿದರೂ ಕೊನೆಗೆ ಅವರು ನನ್ನ ಮುಖ ನೋಡಿದ ಆ ಹೊತ್ತು ನನ್ನ ಪಾಲಿಗೇ ಉಳಿಯುತ್ತದೆ. ಬೀಗದ ಕೈ ಅವರ ಜೇಬಿನಲ್ಲಿತ್ತು, ಅಜ್ಜಿ ನನ್ನ ಕಾಲ ಬಳಿ ಸಾಯುತ್ತಿದ್ದಳು, ಮೆಟ್ಟಿಲಿನ ತುಂಬ ಬೆಂಕಿ ಇತ್ತು. ಅಷ್ಟೆಲ್ಲ ಇದ್ದರೂ ಆ ಮನುಷ್ಯ ಹೆದರಿದ್ದು ನನಗೆ.

ಮೈಮೂನ್